10 ನಂಬರ್ ಬಿಟ್ಟು ಜರ್ಸಿ ಮಾಡಿಕೊಡು ಅಂದರು. ಡೆಂಪೊ ಫುಟ್‌ಬಾಲ್ ಕ್ಲಬ್ಬಿನ ಕ್ರಿಸ್ಟಿಯಾನೊ ಜೂನಿಯರ್ ಆಟ ನೋಡಿದವರು ಯಾರಾದ್ರೂ ಇದ್ದೀರಾ?

ಬೈನಾ ಪ್ರಿಂಟರ್

ಎಲ್ಲರಿಗೂ ನಮಸ್ಕಾರ. ವಾಸ್ಕೊದಲ್ಲಿ ನನ್ನದೊಂದು ಸಣ್ಣ ಜರ್ಸಿ ಪ್ರಿಂಟಿಂಗ್ ಅಂಗಡಿ ಇದೆ. ಅಪ್ಪ ಗದಗ ಕಡೆಯಿಂದ ಬಂದು ಬಂದರಿನಲ್ಲಿ ದುಡಿದವರು. ನಾನು ಹುಟ್ಟಿ ಬೆಳೆದಿದ್ದೆಲ್ಲ ಬೈನಾದಲ್ಲೇ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಕೊಂಕಣಿ, ಗಿರಾಕಿ ಜಗಳ ತೆಗೆದರೆ ಹಿಂದಿ.

ಮಳೆ ನಿಂತು ಗದ್ದೆ ಕೊಯ್ಲಾದರೆ ನಮಗೆ ಸೀಸನ್. ಊರಿಗೊಂದು ಟೂರ್ನಮೆಂಟ್, ವಾಡೆಗೊಂದು ಟೀಮ್. ಹುಡುಗರದ್ದಷ್ಟೇ ಅಲ್ಲ, ಹೊಟ್ಟೆ ಬಂದ ಅಂಕಲ್‌ಗಳ ವೆಟರನ್ಸ್ ಟೀಮುಗಳೂ ಜಾಸ್ತಿ. ನಿಜ ಹೇಳಬೇಕು ಅಂದರೆ ದುಡ್ಡು ಸರಿಯಾಗಿ ಕೊಡೋರು ಅವರೇ. ಹುಡುಗರು ಕಪ್ ಗೆದ್ದ ಮೇಲೆ ಕೊಡ್ತೀವಿ ಅಂತಾರೆ, ಆಮೇಲೆ ಸೋತು ಬರ್ತಾರೆ.

ಮೊನ್ನೆ ಹಂಗೇ ಒಬ್ಬ ಅಂಕಲ್ ಚೀಟಿ ಹಿಡಿದು ಬಂದರು. ಹೆಸರು, ಸೈಜು, ನಂಬರ್ ಎಲ್ಲ ನೀಟಾಗಿ ಬರೆದಿತ್ತು. ನೋಡಿದರೆ 9 ಆದ ಮೇಲೆ ನೇರ 11. ನಾನು ಪ್ಲಾಟರ್‌ಗೆ, ಅಂದರೆ ಅಂಕಿ ಕತ್ತರಿಸೋ ಮಷಿನ್ನಿಗೆ, ಕೊಡೋ ಮೊದಲು ಕೇಳಿದೆ, "ಅಂಕಲ್, 10 ಮರೆತಿದೀರಿ." ಯಾಕಂದ್ರೆ ಯಾವ ಟೀಮ್ ಬಂದರೂ ಮೊದಲು ಜಗಳ ಆಗೋದೇ 10ಕ್ಕೆ. ಒಂದು ಟೀಮಿನಲ್ಲಿ ಅಣ್ಣ ತಮ್ಮ ಇಬ್ಬರೂ ಅದೇ ಬೇಕು ಅಂತ ಹಠ ಹಿಡಿದು, ಕೊನೆಗೆ ಇಬ್ಬರೂ 10 ಹಾಕಿಸಿಕೊಂಡು ಹೋಗಿದ್ದೂ ಉಂಟು. ರೆಫರಿ ಏನು ಮಾಡಿದರೋ ದೇವರೇ ಬಲ್ಲ.

ಅಂಕಲ್ ನಕ್ಕು, "ಮರೆತಿಲ್ಲ ಬಾಬ. ತೆಂ ಜೂನಿಯರಾಚೆಂ" ಅಂದರು. ಅದು ಜೂನಿಯರ್‌ದು ಅಂತ. ಅವರೆಲ್ಲ ಹಳೆ ಡೆಂಪೊ ಅಭಿಮಾನಿಗಳು. ನಂಬರ್ ಬಿಟ್ಟಿದ್ದಷ್ಟೇ ಅಲ್ಲ, ಎಡ ತೋಳಿನ ಮೇಲೆ ಅವನ ನೆನಪಿಗೆ ಏನಾದರೂ ಸಣ್ಣದಾಗಿ ಹಾಕಿಕೊಡು, ಏನು ಅಂತ ನೀನೇ ಯೋಚನೆ ಮಾಡು ಅಂದು ಅಡ್ವಾನ್ಸ್ ಇಟ್ಟು ಹೋದರು.

ನನಗೆ ಕ್ರಿಸ್ಟಿಯಾನೊ ಜೂನಿಯರ್ ಹೆಸರು ಗೊತ್ತು, ಬೆಂಗಳೂರಿನಲ್ಲಿ ಆಡುತ್ತಾ ತೀರಿಕೊಂಡ ಅನ್ನೋದೂ ಗೊತ್ತು. ಅದಕ್ಕಿಂತ ಹೆಚ್ಚು ಗೊತ್ತಿಲ್ಲ. ಆಗ ನಾನು ಚಿಕ್ಕವನು, ಅದೂ ಅಲ್ಲದೆ ನಮ್ಮ ಓಣಿಯಲ್ಲಿ ಕ್ರಿಕೆಟ್ ಹುಚ್ಚು. ಇಲ್ಲಿ ಗೋವಾದವರೂ ಇದ್ದೀರಿ, ಬೆಂಗಳೂರಿನವರೂ ಇದ್ದೀರಿ. ಅವನ ಆಟ ಕಣ್ಣಾರೆ ನೋಡಿದವರು ಇದ್ದರೆ ಹೇಳಿ. ತೋಳಿನ ಮೇಲೆ ಹೆಸರು ಹಾಕಲಾ, ತಾರೀಕು ಹಾಕಲಾ, ಬೇರೆ ಏನಾದರೂ ಇದೆಯಾ? ಜಾಗ ಮೂರು ಬೆರಳಿನಷ್ಟು ಅಗಲ. ಅಕ್ಷರ ತೀರಾ ಸಣ್ಣದಾದರೆ ವಿನೈಲ್ ಕಿತ್ತು ಬರುತ್ತೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಸಡಾ ಕಾಕಾ

ನೋಡಪಾ ತಮ್ಮಾ, ಮೊದಲೇ ಹೇಳಿಬಿಡ್ತೇನೆ, ನಾನು ನಮ್ಮ ವಾಸ್ಕೊದ ಸಾಲ್ಗಾಂವ್ಕರ್ ಕ್ಲಬ್ಬಿನ ಪಾರ್ಟಿ. ಬಂದರಿನಲ್ಲಿ ಕ್ರೇನ್ ನಡೆಸಿ ರಿಟೈರ್ ಆದವನು. ಡ್ಯೂಟಿ ಮುಗಿಸಿ ನೇರ ತಿಲಕ್ ಮೈದಾನಕ್ಕೆ ಹೋಗಿ ಕೂತ ಮಂದಿ ನಾವು. ಡೆಂಪೊ ಅಂದರೆ ಪಣಜಿಯವರು, ನಮ್ಮ ವೈರಿಗಳು. ಆದರೂ ಈ ವಿಷಯದಲ್ಲಿ ಪಾರ್ಟಿ ಮಾಡಬಾರದು.

ಹುಡುಗ ಬ್ರೆಜಿಲ್‌ನವನು. ಡೆಂಪೊಗೆ ಬರುವ ಮೊದಲು ಕೋಲ್ಕತ್ತಾದ ಈಸ್ಟ್ ಬೆಂಗಾಲ್‌ನಲ್ಲಿದ್ದ. ಅವರು 2003-04ರ ರಾಷ್ಟ್ರೀಯ ಲೀಗ್ ಗೆದ್ದಾಗ ಇವನೂ ಆ ತಂಡದವನೇ. ಗೆದ್ದ ತಂಡದ ಫಾರ್ವರ್ಡ್‌ನನ್ನೇ ಡೆಂಪೊ ಕರಕೊಂಡು ಬಂತು. ಆಗ ಗಣಿ ದುಡ್ಡು ಚೆನ್ನಾಗಿ ಓಡುತ್ತಿದ್ದ ಕಾಲ. ಡೆಂಪೊ, ಸಾಲ್ಗಾಂವ್ಕರ್ ಎರಡೂ ಅದಿರಿನ ಮನೆತನಗಳೇ ಅಲ್ವಾ. ನಾವು ಕ್ರೇನ್‌ನಲ್ಲಿ ಹಡಗಿಗೆ ಅದಿರು ತುಂಬುತ್ತಿದ್ದೆವು, ಅದರಲ್ಲಿ ಒಂದು ಪಾಲು ತಿರುಗಿ ಫುಟ್‌ಬಾಲ್‌ಗೆ ಬರುತ್ತಿತ್ತು ಅಂತ ನಗೆಚಾಟಿಕೆ ಮಾಡಿಕೊಳ್ಳುತ್ತಿದ್ದೆವು.

ಡೆಂಪೊ ಜರ್ಸಿಯಲ್ಲಿ ಅವನು ಆಡಿದ್ದು ಒಂದು ಸೀಸನ್ ಪೂರ್ತಿಯೂ ಅಲ್ಲ. 2004ರ ಡಿಸೆಂಬರ್ 5, ಫೆಡರೇಶನ್ ಕಪ್ ಫೈನಲ್, ಕೋಲ್ಕತ್ತಾದ ಮೋಹನ್ ಬಾಗನ್ ಎದುರು. ಎರಡು ಗೋಲೂ ಅವನದೇ. ಡೆಂಪೊ ಫೆಡರೇಶನ್ ಕಪ್ ಗೆದ್ದಿದ್ದು ಅದೊಂದೇ ಸಲ. ಆ ಕಪ್ಪನ್ನ ಯಾರೂ ಸಂತೋಷದಿಂದ ಎತ್ತಲಿಲ್ಲ. ಹುಡುಗನಿಗೆ ಆಗ 25 ವರ್ಷ. ಆಮೇಲೆ ಕ್ಲಬ್ಬು 10 ನಂಬರನ್ನು ನಿವೃತ್ತಿ ಮಾಡಿತು, ಅಂದರೆ ಇನ್ನು ಯಾರಿಗೂ ಕೊಡಲ್ಲ ಅಂತ. ಅದೇ ಸೀಸನ್ನಿನ ಲೀಗನ್ನೂ ಡೆಂಪೊದವರೇ ಗೆದ್ದರು, ಆರ್ಮಾಂಡೊ ಕೊಲಾಸೊ ಕೋಚ್ ಆಗಿದ್ದಾಗ.

ಇನ್ನೊಂದು ಮಾತು. ನಮ್ಮ ಡಾಕ್‌ನಲ್ಲಿ ಒಬ್ಬ ಫೋರ್‌ಮನ್ ಇದ್ದ, ಬೆನ್‌ಫಿಕಾ ಹುಚ್ಚ. ಗೋವಾದ ಹಳೆ ಮಂದಿಗೆ ಲಿಸ್ಬನ್ನಿನ ಟೀಮು ಅಂದರೆ ಮನೆ ಟೀಮು ಇದ್ದಂತೆ. ಅದೇ 2004ರ ಜನವರಿಯಲ್ಲಿ ಬೆನ್‌ಫಿಕಾದ ಮಿಕ್ಲೋಶ್ ಫೆಹೆರ್ ಅನ್ನೋ ಹಂಗೇರಿಯ ಹುಡುಗ ಮೈದಾನದಲ್ಲೇ ಕುಸಿದು ಸತ್ತ. ಅವನ 29 ನಂಬರನ್ನು ಅವರು ಎತ್ತಿಟ್ಟರು. ವರ್ಷ ತುಂಬುವ ಮೊದಲೇ ಜೂನಿಯರ್. ಫೋರ್‌ಮನ್ ಮರುದಿನ ಡ್ಯೂಟಿಗೆ ಬಂದವನು ಯಾರ ಜೊತೆಗೂ ಮಾತಾಡಲಿಲ್ಲ. ಊಟದ ಡಬ್ಬಿ ತೆಗೆದವನು ಹಾಗೇ ಮುಚ್ಚಿಟ್ಟ.

ತೋಳಿನ ಮೇಲೆ ತಾರೀಕು ಹಾಕು. ನನ್ನ ಅಭಿಪ್ರಾಯ ಅಷ್ಟೇ.

ಆದರೆ ಒಂದು ಹೊಟ್ಟೆಕಿಚ್ಚಿನ ಮಾತು ಹೇಳ್ತೇನೆ, ಬೈಯಬೇಡಿ. ಬ್ರೂನೊ ಕುಟಿನ್ಹೊ ಹೆಸರು ನಿನ್ನ ಅಂಗಡಿಗೆ ಬರೋ ಹುಡುಗರಲ್ಲಿ ಎಷ್ಟು ಮಂದಿಗೆ ಗೊತ್ತು? ಆ ಕಾಲದಲ್ಲಿ ಚೆನ್ನಾಗಿ ಆಡುವ ಹುಡುಗ ಅಂದರೆ ಕೋಲ್ಕತ್ತಾದವರು ಗೂಟ ಹಾಕಿಕೊಂಡು ಕಾಯುತ್ತಿದ್ದರು. ಬ್ರೂನೊ ಹೆಸರು ಮಾಡಿದ್ದೆಲ್ಲ ಸಾಲ್ಗಾಂವ್ಕರ್ ಹಸಿರು ಜರ್ಸಿಯಲ್ಲೇ. 1996ರಲ್ಲಿ ದೇಶದ ವರ್ಷದ ಆಟಗಾರ. 1998-99ರಲ್ಲಿ ಗೋವಾಕ್ಕೆ ಮೊದಲ ರಾಷ್ಟ್ರೀಯ ಲೀಗ್ ತಂದಿದ್ದು ನಮ್ಮ ಸಾಲ್ಗಾಂವ್ಕರ್, ಅದರಲ್ಲಿ ಅವನಿದ್ದ. 1999ರಲ್ಲಿ ಮಡಗಾಂವಿನ ಫತೋರ್ಡಾದಲ್ಲಿ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಕಪ್ ಫೈನಲ್, ಬಾಂಗ್ಲಾದೇಶದ ಎದುರು 2-0. ಒಂದು ಗೋಲು ಬ್ರೂನೊದು, ಇನ್ನೊಂದು ಬೈಚುಂಗ್ ಭುಟಿಯಾದು. 2001ರಲ್ಲಿ ಅರ್ಜುನ ಪ್ರಶಸ್ತಿ. ಇಷ್ಟೆಲ್ಲ ಮಾಡಿದವನಿಗೆ ಯಾರೂ ನಂಬರ್ ಬಿಟ್ಟು ಜರ್ಸಿ ಮಾಡಿಸಲ್ಲ. ಕೆಲವೇ ತಿಂಗಳು ಆಡಿದವನಿಗೆ ಮಾಡಿಸ್ತಾರೆ. ಲೆಕ್ಕ ಕೂಡಲ್ಲ ನೋಡು.

ಮಲ್ಲೇಶ್ವರ ಟು ವೆರ್ಣಾ

ಕಾಕಾ, ಲೆಕ್ಕ ಕೂಡೋದು ಹೇಗೆ ಅಂತ ನಾನು ಹೇಳಲಾರೆ. ಆದರೆ ಆ ದಿನ ನಾನು ಕಂಠೀರವದಲ್ಲಿದ್ದೆ.

ಈಗ ವೆರ್ಣಾದಲ್ಲಿ ಫಾರ್ಮಾ ಕಂಪನಿಯಲ್ಲಿ ಕೆಲಸ. ಆಗ ಬೆಂಗಳೂರಿನಲ್ಲಿ ಕಾಲೇಜು. ಫುಟ್‌ಬಾಲ್ ಅಂದರೆ ನಮಗೆ ಐಟಿಐ, ಎಚ್‌ಎಎಲ್ ಮ್ಯಾಚುಗಳು. ಅಶೋಕ ನಗರದ ಸ್ಟೇಡಿಯಂನಲ್ಲಿ ಕಡ್ಲೆಕಾಯಿ ತಿನ್ನುತ್ತಾ ನೋಡುವುದು. ಫೆಡರೇಶನ್ ಕಪ್ ಫೈನಲ್ ಊರಿಗೆ ಬಂದಿದೆ, ಭಾನುವಾರ ಬೇರೆ, ಬಿಡೋಕಾಗುತ್ತಾ?

ಕಂಠೀರವಕ್ಕೆ ಹೋದವರಿಗೆ ಗೊತ್ತು, ಅದು ಫುಟ್‌ಬಾಲ್ ನೋಡೋ ಜಾಗವೇ ಅಲ್ಲ. ಗ್ಯಾಲರಿಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್. ಆಟಗಾರರು ಬೆಂಕಿಕಡ್ಡಿಗಳ ಹಾಗೆ ಕಾಣ್ತಾರೆ. ಆ ದಿನ ಬೆಂಗಳೂರಿನ ಬಂಗಾಳಿಗಳೆಲ್ಲ ಬಾಗನ್ ಕಡೆ. ನಾವು ಹುಡುಗರು ಯಾರ ಕಡೆಯೂ ಅಲ್ಲ. ಆದರೆ ಪಕ್ಕದಲ್ಲಿ ಗೋವಾದವರ ಒಂದು ಗುಂಪಿತ್ತು. ಅದರಲ್ಲಿ ಒಬ್ಬ ಅಜ್ಜ ನಮಗೆಲ್ಲ ಹಂಚಿದ ಬಾಳೆಕಾಯಿ ಚಿಪ್ಸ್ ತಿಂದ ಋಣಕ್ಕೆ ನಾವು ಡೆಂಪೊ ಕಡೆ ಆದೆವು. ನಮ್ಮ ನಿಷ್ಠೆ ಅಷ್ಟು ಅಗ್ಗ.

ಜೂನಿಯರ್ ಮೊದಲ ಗೋಲು ಹೊಡೆದಾಗ ಅಜ್ಜ ಎದ್ದು ಕುಣಿದರು. ಅವರ ಟೋಪಿ ಎರಡು ಸಾಲು ಕೆಳಗೆ ಹೋಗಿ ಬಿತ್ತು. ಎರಡನೆಯದು ಕೊನೆಗೆ ಹತ್ತು ಹನ್ನೆರಡು ನಿಮಿಷ ಇರುವಾಗ. ಅವನು ಚೆಂಡಿನ ಹಿಂದೆ ಓಡಿದ, ಬಾಗನ್ ಗೋಲ್‌ಕೀಪರ್ ಮುಂದೆ ಬಂದ, ಇಬ್ಬರಿಗೂ ಡಿಕ್ಕಿ ಆಯಿತು. ಚೆಂಡು ಒಳಗೆ. ನಮ್ಮ ಗ್ಯಾಲರಿ ಪೂರ್ತಿ ಎದ್ದು ಕೂಗ್ತಾ ಇದೆ. ಗೋಲು ಹೊಡೆದವನು ಮಾತ್ರ ಎದ್ದಿಲ್ಲ.

ಮೊದಲು ಯಾರಿಗೂ ಏನೂ ಅನಿಸಲಿಲ್ಲ. ಫುಟ್‌ಬಾಲ್‌ನಲ್ಲಿ ಬಿದ್ದವರು ಸ್ವಲ್ಪ ಹೊತ್ತು ಮಲಗೋದು ಮಾಮೂಲಿ ಅಲ್ವಾ. ಟೈಮ್ ವೇಸ್ಟ್ ಮಾಡ್ತಾನೆ ಅಂತ ಬಾಗನ್ ಕಡೆಯವರು ಶಿಳ್ಳೆ ಹಾಕಿದರು. ಆಮೇಲೆ ಡೆಂಪೊ ಆಟಗಾರರು ಬೆಂಚಿನ ಕಡೆ ಎರಡೂ ಕೈ ಬೀಸೋದು ಕಾಣಿಸಿತು. ಒಬ್ಬ ಅವನ ಮುಖದ ಮೇಲೆ ಬಗ್ಗಿ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡೋಕೆ ನೋಡುತ್ತಿದ್ದ. ಅಷ್ಟು ದೂರದಿಂದಲೂ ಅದು ಗೊತ್ತಾಯಿತು. ಶಿಳ್ಳೆ ನಿಂತಿತು.

ಅವನನ್ನು ಆಸ್ಪತ್ರೆಗೆ ಕರೆದೊಯ್ದರು. ಉಳಿದ ಆಟ ಮುಗಿಸಿದರು. ನಾವು ಏನು ನೋಡಿದೆವೋ ನೆನಪಿಲ್ಲ, ಯಾರೂ ಚೆಂಡು ನೋಡುತ್ತಿರಲಿಲ್ಲ. ಸುದ್ದಿ ಗ್ಯಾಲರಿಯಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಿ ಬಂತು. ಮೊದಲು ಸುಳ್ಳು ಅಂದರು. ನಂತರ ಒಬ್ಬ ಪೊಲೀಸಪ್ಪ ತನ್ನ ವೈರ್‌ಲೆಸ್ ಕಿವಿಗೆ ಹಿಡಿದು ಕೇಳಿ, ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಅಲ್ಲಿಗೆ ನಮಗೆ ಖಾತ್ರಿ ಆಯಿತು.

ಗೋವಾದ ಅಜ್ಜ ಕೂತಲ್ಲೇ ಕೂತಿದ್ದರು. ಅವರ ಜೊತೆಗಿದ್ದವರು ರಾತ್ರಿ ಬಸ್ಸು ತಪ್ಪುತ್ತೆ ಅಂತ ಎಬ್ಬಿಸಿದರು. ಗೆದ್ದ ಟೀಮಿನವರು ಹಾಗೆ ಮೆಟ್ಟಿಲು ಇಳಿದು ಹೋಗಿದ್ದನ್ನು ನಾನು ಮತ್ತೆ ಎಲ್ಲೂ ನೋಡಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ: ಅವನ ಆಟ ಹೇಗಿತ್ತು ಅಂದರೆ, ನಾನು ನೋಡಿದ್ದು ಅದೊಂದೇ. ಗೋಲಿನ ಎದುರು ಅವಸರ ಇರಲಿಲ್ಲ. ನಮ್ಮ ಹುಡುಗರು ಪೆನಾಲ್ಟಿ ಬಾಕ್ಸ್ ಬಂದರೆ ಕಣ್ಣು ಮುಚ್ಚಿ ಒದೀತಾರಲ್ಲ, ಹಾಗಲ್ಲ. ಅದಕ್ಕಿಂತ ಜಾಸ್ತಿ ಹೇಳಿದರೆ ಕಥೆ ಕಟ್ಟಿದಂತಾಗುತ್ತೆ.

ಫತೋರ್ಡಾ ನಾರ್ತ್

ಗೌರವ ಇದೆ, ಆದರೆ ನಾನು ಕೋರೊ, ಅಂದರೆ ಫೆರಾನ್ ಕೊರೊಮಿನಾಸ್ ಕಾಲದವನು. ಎಫ್‌ಸಿ ಗೋವಾಕ್ಕೆ ಮೂರು ಸೀಸನ್‌ನಲ್ಲಿ 48 ಗೋಲು, ಎರಡು ಸಲ ಗೋಲ್ಡನ್ ಬೂಟ್. ನಮ್ಮ ಹುಡುಗರಿಗೆ 'ನಿನ್ನ ಪ್ಲೇಯರ್ ಯಾರು' ಅಂದರೆ ಕೋರೊ ಅಂತಾರೆ. ಡೆಂಪೊ, ಸಾಲ್ಗಾಂವ್ಕರ್ ಎಲ್ಲ ಅಪ್ಪಂದಿರು ಹೇಳೋ ಕಥೆ. 2016ರಲ್ಲಿ ದೇಶದ ಲೀಗ್ ಆಗಿದ್ದ ಐ-ಲೀಗ್ ಬಿಟ್ಟು ಹೋದವರು ಅವರೇ ಅಲ್ವಾ?

ಮತ್ತೆ ಒಂದು ಡೌಟು. ಯೂಟ್ಯೂಬ್‌ನಲ್ಲಿ ಆ ವಿಡಿಯೊ ನೋಡಿದೆ. ತಪ್ಪು ಗೋಲ್‌ಕೀಪರ್‌ದೇ ಅಂತ ಕೆಳಗೆ ಎಲ್ಲರೂ ಬರೆದಿದ್ದಾರೆ. ಅವರು ಆಮೇಲೆ ಇಂಡಿಯಾ ಟೀಮಿಗೂ ಆಡಿದರಂತೆ?

ಸಡಾ ಕಾಕಾ

ಲೇ ತಮ್ಮಾ, ಬಿಟ್ಟು ಹೋದರು ಅಂದರೆ ಆಟ ಬೇಡ ಅಂತಲ್ಲ. ಎರಡು ಲೀಗ್ ಮಾಡಿ ಇವರನ್ನು ಕೆಳಗೆ ತಳ್ಳೋ ಯೋಜನೆ ಬಂತು, ಡೆಂಪೊ, ಸಾಲ್ಗಾಂವ್ಕರ್, ಸ್ಪೋರ್ಟಿಂಗ್ ಗೋವಾ ಮೂವರೂ ಪ್ರತಿಭಟಿಸಿ ಹೊರಬಂದರು. ಐದು ಸಲ ದೇಶದ ಲೀಗ್ ಗೆದ್ದ ಡೆಂಪೊ ಗೋವಾ ಲೀಗ್ ಆಡಿಕೊಂಡು ಕೂತಿತ್ತು. 2024ರಲ್ಲಿ ಎರಡನೇ ಡಿವಿಜನ್ನಿನಿಂದ ಮತ್ತೆ ಐ-ಲೀಗ್‌ಗೆ ಹತ್ತಿ ಬಂತು. ಅದೂ ಯಾರ ಜೊತೆ? ಎಸ್‌ಸಿ ಬೆಂಗಳೂರು ಜೊತೆ. ನಮ್ಮ ಸಾಲ್ಗಾಂವ್ಕರ್ ಇನ್ನೂ ಬಂದಿಲ್ಲ, ಆ ನೋವು ನನಗಿರಲಿ.

ಕೋರೊ ಒಳ್ಳೆ ಆಟಗಾರ, ಅದಕ್ಕೆ ನಾನು ಎದುರಾಡಲ್ಲ.

ಗೋಲ್‌ಕೀಪರ್ ವಿಷಯ. ಸುಬ್ರತಾ ಪಾಲ್ ಆಗ ಹದಿಹರೆಯದ ಹುಡುಗ. ಫೆಡರೇಶನ್‌ನವರು ವಿಚಾರಣೆ ಮಾಡಿದರು, ಸ್ವಲ್ಪ ಕಾಲ ಅಮಾನತಿನಲ್ಲಿಟ್ಟರು. ಮುಂದೆ ಅದೇ ಹುಡುಗ 2011ರ ಏಷ್ಯಾ ಕಪ್‌ನಲ್ಲಿ ಕೊರಿಯಾದ ಎದುರು ಹಾರಿ ಹಾರಿ ಚೆಂಡು ಹಿಡಿದ, ಅವರ ಪೇಪರಿನವರೇ ಸ್ಪೈಡರ್‌ಮ್ಯಾನ್ ಅಂದರು. ನಾನು ನನ್ನ ಕಣ್ಣಿಂದ ಗೋಲ್‌ಕೀಪರ್‌ಗಳನ್ನ ಬಹಳ ನೋಡೀನಿ, ಬ್ರಹ್ಮಾನಂದ ಸಂಖ್ವಾಳ್ಕರ್‌ರಿಂದ ಹಿಡಿದು. ಒಬ್ಬಂಟಿಯಾಗಿ ಫಾರ್ವರ್ಡ್ ಓಡಿ ಬಂದರೆ ಗೋಲ್‌ಕೀಪರ್ ಮುಂದೆ ಹೋಗಲೇಬೇಕು. ಅದು ಅವನ ಕೆಲಸ. ಕ್ರೇನ್‌ನಲ್ಲಿ ಕೂತವನಿಗೆ ಮಾತ್ರ ಗೊತ್ತು ಕೊಕ್ಕೆ ಯಾವಾಗ ಜಾರುತ್ತೆ ಅಂತ. ಕೆಳಗೆ ನಿಂತು ಕೂಗೋರಿಗೆ ಗೊತ್ತಿರಲ್ಲ. ಆ ವಿಡಿಯೊದ ಕೆಳಗೆ ಕೋರ್ಟು ನಡೆಸೋರು ನಡೆಸಲಿ, ಇಲ್ಲಿ ಬೇಡ.

ಮಡಗಾಂವ್ ಸಿಸ್ಟರ್

ಕಾಕಾ ಹೇಳಿದ್ದು ಸರಿ. ಯಾರ ಮೊಣಕೈ ಯಾರಿಗೆ ತಾಗಿತು ಅನ್ನೋದಕ್ಕಿಂತ ಬಿದ್ದ ಮೇಲಿನ ನಿಮಿಷಗಳ ಬಗ್ಗೆ ಮಾತಾಡಿ ಅಂತ ನಾನು ಯಾವಾಗಲೂ ಜಗಳ ಆಡ್ತೇನೆ. ನಾನು ಧಾರವಾಡದವಳು, ಮಡಗಾಂವಿನ ಒಂದು ಆಸ್ಪತ್ರೆಯಲ್ಲಿ ಐಸಿಯು ನರ್ಸ್. ಯಜಮಾನರು ಭಾನುವಾರ ಭಾನುವಾರ ವೆಟರನ್ಸ್ ಆಡೋರು, ಅದಕ್ಕೆ ಈ ವಿಷಯ ನನಗೆ ಮನೆ ವಿಷಯ.

ಜೂನಿಯರ್ ಸತ್ತಿದ್ದು ಹೃದಯ ನಿಂತು ಅಂತ ವರದಿ ಆಗಿತ್ತು. ಹೀಗೆ ಹೃದಯ ಥಟ್ಟನೆ ನಿಂತಾಗ ಆಗೋದು ಏನು ಅಂದರೆ, ಬಹಳ ಸಲ ಅದು ಪೂರ್ತಿ ನಿಂತಿರಲ್ಲ. ಲಯ ತಪ್ಪಿ ಸುಮ್ನೆ ನಡುಗುತ್ತಿರುತ್ತೆ, ರಕ್ತ ತಳ್ಳಲ್ಲ. ಕರೆಂಟ್ ಶಾಕ್ ಕೊಟ್ಟರೆ ಮತ್ತೆ ಲಯಕ್ಕೆ ಬರಬಹುದು. ತಡವಾದ ಒಂದೊಂದು ನಿಮಿಷಕ್ಕೂ ಉಳಿಯುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತೆ. ಶಾಕ್ ಸಿಗುವ ತನಕ ಎದೆ ಒತ್ತುತ್ತಾ ಇರಬೇಕು. ನಿಮಿಷಕ್ಕೆ 100ರಿಂದ 120 ಸಲ, ಸುಮಾರು 5 ಸೆಂಟಿಮೀಟರ್ ಆಳ. ಕೈ ನೋಯುತ್ತೆ, ಪಕ್ಕೆಲುಬು ಮುರಿದ ಸದ್ದೂ ಬರಬಹುದು. ಹೆದರಿ ನಿಲ್ಲಿಸಬಾರದು. ಬಹಳ ಮಂದಿ ನಿಲ್ಲಿಸೋದೇ ಅಲ್ಲಿ.

2012ರಲ್ಲಿ ಅದೇ ಬೆಂಗಳೂರಿನಲ್ಲಿ ಏನಾಯಿತು ಗೊತ್ತಲ್ಲ. ಬೆಂಗಳೂರು ಮಾರ್ಸ್ ತಂಡದ ವೆಂಕಟೇಶ್, ಮಾರ್ಚ್ ತಿಂಗಳು, ನೈಋತ್ಯ ರೈಲ್ವೆ ಎದುರಿನ ಮ್ಯಾಚು. ಕುಸಿದು ಬಿದ್ದ. ಮೈದಾನದಲ್ಲಿ ಆಂಬುಲೆನ್ಸ್ ಇರಲಿಲ್ಲ. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದರು. ಜೂನಿಯರ್ ಹೋಗಿ ಏಳು ವರ್ಷ ಆಗಿತ್ತು. ಅದಕ್ಕೆ ನಾಲ್ಕೇ ದಿನ ಮುಂಚೆ ಲಂಡನ್ನಿನಲ್ಲಿ ಫ್ಯಾಬ್ರಿಸ್ ಮುವಾಂಬಾ ಮೈದಾನದಲ್ಲಿ ಕುಸಿದಿದ್ದ, ಅವನು ಬದುಕಿದ. 2021ರಲ್ಲಿ ಯೂರೋ ಕಪ್‌ನಲ್ಲಿ ಡೆನ್ಮಾರ್ಕಿನ ಎರಿಕ್ಸೆನ್ ಬಿದ್ದಾಗ ನಿಮಗೆಲ್ಲ ನೆನಪಿರುತ್ತೆ. ಅಲ್ಲೇ ಎದೆ ಒತ್ತಿದರು, ಅಲ್ಲೇ ಶಾಕ್ ಕೊಟ್ಟರು. ಮುಂದಿನ ವರ್ಷ ಮತ್ತೆ ಆಡಿದ.

ಆ ಶಾಕ್ ಕೊಡೋ ಮಷಿನ್ನಿಗೆ ಎಇಡಿ ಅಂತಾರೆ. ಡಾಕ್ಟರೇ ಬೇಕು ಅಂತಿಲ್ಲ, ಪ್ಯಾಡ್ ಎಲ್ಲಿ ಅಂಟಿಸಬೇಕು, ಯಾವಾಗ ಬಟನ್ ಒತ್ತಬೇಕು ಅಂತ ಅದೇ ಮಾತಾಡಿ ಹೇಳುತ್ತೆ. ಶಾಕ್ ಬೇಡದ ಹೃದಯಕ್ಕೆ ಅದು ಶಾಕ್ ಕೊಡೋದೂ ಇಲ್ಲ. ನಮ್ಮ ಯಜಮಾನರ ಟೂರ್ನಮೆಂಟಿನಲ್ಲಿ ಡಿಜೆಗೆ, ಪೆಂಡಾಲಿಗೆ, ಕಪ್ಪಿಗೆ ದುಡ್ಡಿರುತ್ತೆ. ಇದಕ್ಕೆ ಕೇಳಿದರೆ 'ಅಕ್ಕಾ, ಮುಂದಿನ ವರ್ಷ' ಅಂತಾರೆ.

ಪ್ರಿಂಟರ್ ತಮ್ಮಾ, ನಿಮ್ಮ ಅಂಕಲ್‌ಗಳ ಟೀಮಿನಲ್ಲಿ ಐವತ್ತು ದಾಟಿದವರು ಎಷ್ಟು ಜನ? ಬಿಪಿ ಮಾತ್ರೆ ನುಂಗಿ ಮಧ್ಯಾಹ್ನದ ಬಿಸಿಲಲ್ಲಿ ಓಡೋರು? ತೋಳಿನ ಮೇಲೆ ಏನು ಹಾಕಬೇಕು ಅಂದಿರಲ್ಲ, 108 ಹಾಕಿ. ತಮಾಷೆಗೆ ಹೇಳ್ತಿಲ್ಲ.

ಬೈನಾ ಪ್ರಿಂಟರ್

ಎಲ್ಲರಿಗೂ ದೊಡ್ಡ ನಮಸ್ಕಾರ. ಮಲ್ಲೇಶ್ವರದ ಅಣ್ಣಾ, ನೀವು ಬರೆದಿದ್ದನ್ನ ನಿನ್ನೆ ಅಂಗಡಿಯಲ್ಲಿ ಅಂಕಲ್‌ಗೆ ಕೊಂಕಣಿಯಲ್ಲಿ ಓದಿ ಹೇಳಿದೆ. ಟೋಪಿ ಬಿದ್ದ ಜಾಗಕ್ಕೆ ಬಂದಾಗ ನಿಲ್ಲಿಸು ಅಂದರು. ಅಜ್ಜ ಎತ್ತರ ಇದ್ದರಾ, ಗಿಡ್ಡ ಇದ್ದರಾ ಅಂತ ಕೇಳಿದರು. ಅವರ ಕಡೆಯಿಂದ ಆ ಸಲ ಬೆಂಗಳೂರಿಗೆ ಹೋದವರು ಹಲವರು ಇದ್ದರಂತೆ. ದಯವಿಟ್ಟು ನೆನಪಿದ್ದರೆ ತಿಳಿಸಿ.

ಕೆಲಸದ ವಿಷಯ. ಹೆಸರು ಹಾಕಿ ಒಂದು ಸ್ಯಾಂಪಲ್ ಮಾಡಿದೆ. ಇಂಗ್ಲಿಷಿನಲ್ಲಿ ಪೂರ್ತಿ ಹೆಸರು ಬರೆದರೆ ತೋಳು ಸುತ್ತಿ ಕಂಕುಳಿಗೆ ಹೋಗುತ್ತೆ. ಬರೀ ಜೂನಿಯರ್ ಅಂತ ಹಾಕಿದರೆ ಅಂಕಲ್‌ಗಳ ಮೈಮೇಲೆ ಅದನ್ನು ಓದಿದವರು ನಗ್ತಾರೆ. ಒಬ್ಬರಿಗೆ ಅರವತ್ತೆರಡು ವರ್ಷ. ಅದಕ್ಕೆ ಕಾಕಾ ಹೇಳಿದ ಹಾಗೆ ತಾರೀಕು: 5-12-2004. ಬಿಳಿ ವಿನೈಲ್, ನೀಲಿ ಬಟ್ಟೆ.

ಅಂಕಿ ಕತ್ತರಿಸಿದ ಮೇಲೆ ಬೇಡದ ಭಾಗವನ್ನು ಸೂಜಿಯಿಂದ ಕಿತ್ತು ತೆಗೀಬೇಕು. ಎದೆ, ಬೆನ್ನಿನ ದೊಡ್ಡ ನಂಬರ್ ಆದರೆ ಒಂದು ಎಳೆತಕ್ಕೆ ಬರುತ್ತೆ. ಇಷ್ಟು ಸಣ್ಣದಾದರೆ 2004ರ ಎರಡು ಸೊನ್ನೆಗಳ ಹೊಟ್ಟೆಯಲ್ಲಿ ಎಳ್ಳಿನಷ್ಟು ತುಂಡು ಉಳಿದುಕೊಳ್ಳುತ್ತೆ, ನಾಲ್ಕರ ಒಳಗಿನ ತ್ರಿಕೋನ ಕೂಡ ಹಾಗೇ. ಲೈಟಿಗೆ ಹಿಡಿದು ನೋಡಿ ಒಂದೊಂದೇ ತೆಗೀಬೇಕು. ಆಮೇಲೆ ಹೀಟ್ ಪ್ರೆಸ್ 150 ಡಿಗ್ರಿಗೆ ಇಟ್ಟು ಹದಿನೈದು ಸೆಕೆಂಡ್ ಒತ್ತಿದರೆ ಕೂರುತ್ತೆ. ಪಾಲಿಯೆಸ್ಟರ್ ಅಗ್ಗದ್ದಾದರೆ ಅಷ್ಟಕ್ಕೇ ಹೊಳಪು ಗುರುತು ಬೀಳುತ್ತೆ, ನಡುವೆ ಬಟರ್ ಪೇಪರ್ ಇಡ್ತೇನೆ. ತಮ್ಮನ ಹೆಂಡತಿ ಈ ಕೆಲಸದಲ್ಲಿ ನನಗಿಂತ ಚುರುಕು, ಅವಳೇ ಪೂರ್ತಿ ಸೆಟ್ ಮಾಡಿದ್ದು.

ಸಿಸ್ಟರ್ ಅಕ್ಕಾ, ನಿಮ್ಮ ಮಾತನ್ನೂ ಹೇಳಿದೆ. ಅಂಕಲ್ ಮೊದಲು ನಕ್ಕರು. ನಾನು ವೆಂಕಟೇಶ್ ಆಟೋ ವಿಷಯ ಹೇಳಿದೆ. ಆಮೇಲೆ ಬಲ ತೋಳಿನ ಒಳಮಡಿಕೆಯಲ್ಲಿ 108 ಹಾಕು ಅಂದರು, ಹೊರಗೆ ಬೇಡ, ಎದುರು ಟೀಮಿನವರು ಆಡಿಕೊಳ್ತಾರೆ ಅಂತೆ. ಹಾಕಿದೇನೆ. ಮಷಿನ್ ಬಾಡಿಗೆಗೆ ಸಿಗುತ್ತಾ, ಎಷ್ಟಾಗುತ್ತೆ ಅಂತ ಅವರೇ ಕೇಳಿದರು. ನನಗೆ ಗೊತ್ತಿಲ್ಲ, ನಿಮ್ಮ ನಂಬರ್ ಮೆಸೇಜ್‌ನಲ್ಲಿ ಕಳಿಸಿ, ಅವರ ಕ್ಲಬ್ ಸೆಕ್ರೆಟರಿಗೆ ಕೊಡ್ತೇನೆ.

ಕಾಕಾ, ಬ್ರೂನೊ ವಿಷಯಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನಾನು ಅಂಕಲ್‌ನ ಅದನ್ನೇ ಕೇಳಿದೆ: ಕೆಲವೇ ತಿಂಗಳು ಆಡಿದವನಿಗೆ ಯಾಕೆ ಇಷ್ಟು ಅಂತ. "ಬ್ರೂನೊ ಸಿಕ್ಕರೆ ಕೈ ಕುಲುಕಿ ಥ್ಯಾಂಕ್ಸ್ ಹೇಳಬಹುದು. ಇವನಿಗೆ ಯಾವಾಗ ಹೇಳೋದು?" ಅಂದರು.

ಮಲ್ಲೇಶ್ವರ ಟು ವೆರ್ಣಾ

ಗಿಡ್ಡ. ಬಿಳಿ ಮೀಸೆ. ಬಲಗೈ ಹೆಬ್ಬೆರಳಿನ ತುದಿ ಇರಲಿಲ್ಲ ಅಂತ ನೆನಪು, ಚಿಪ್ಸ್ ಪೊಟ್ಟಣ ಹಲ್ಲಿನಿಂದ ಹರಿದುಕೊಟ್ಟರು.

ಬೈನಾ ಪ್ರಿಂಟರ್

ಅಂಕಲ್‌ಗೆ ಫೋನ್ ಮಾಡಿ ಹೇಳಿದೆ. ಗೊತ್ತು ಅಂದರು. ಪಣಜಿಯ ಹತ್ತಿರದವರಂತೆ, ಈಗಿಲ್ಲ. ಮಗ ಇದ್ದಾರೆ. ನಿಮ್ಮ ಬರಹ ಅವರಿಗೆ ಕಳಿಸಬಹುದಾ ಅಂತ ಕೇಳ್ತಿದ್ದಾರೆ.

ಮಲ್ಲೇಶ್ವರ ಟು ವೆರ್ಣಾ

ಖಂಡಿತ ಕಳಿಸಿ.

ಫತೋರ್ಡಾ ನಾರ್ತ್

ಕಾಕಾ, ವಿಡಿಯೊ ಬಗ್ಗೆ ಬರೆದಿದ್ದನ್ನ ಅಳಿಸೋಣ ಅಂತಿದ್ದೆ, ಆದರೆ ನಿಮ್ಮ ಉತ್ತರ ಚೆನ್ನಾಗಿದೆ, ಹಾಗೇ ಇರಲಿ. ಸೀಸನ್ ಶುರುವಾದರೆ ನಾನು ಡೆಂಪೊ ಮ್ಯಾಚ್ ಒಂದಕ್ಕೆ ಹೋಗಬೇಕು ಅಂತ ಇದ್ದೇನೆ, ಇಷ್ಟೆಲ್ಲ ಓದಿದ ಮೇಲೆ. ನನ್ನ ಬೈಕಿದೆ. ಸಡಾದಿಂದ ಕರಕೊಂಡು ಹೋಗ್ತೇನೆ, ಬರ್ತೀರಾ?

ಸಡಾ ಕಾಕಾ

ಬರ್ತೇನೆ. ಹೆಲ್ಮೆಟ್ ಎರಡು ತಾ. ಆದರೆ ಡೆಂಪೊ ಗೋಲು ಹೊಡೆದಾಗ ಎದ್ದು ನಿಲ್ಲು ಅಂತ ನನಗೆ ಹೇಳಬಾರದು. ನನ್ನ ಮೊಣಕಾಲು ಸರಿ ಇಲ್ಲ ಅಂತ ಎಲ್ಲರಿಗೂ ಹೇಳು.